ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ಸರ್ಟುಯಿನ್ ಹೆಚ್ಚಿಸುವ ಮಾತ್ರೆ ಕೊಡಬಹುದೇ?

ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬೀದರಿನ ಮನೆಗೆ ಮರಳಿರುವ ನಿಮ್ಮ ತಂದೆಯವರಿಗೆ, ಸರ್ಟುಯಿನ್ ಪ್ರೋಟೀನುಗಳನ್ನು ಚುರುಕುಗೊಳಿಸಿ ಮುಪ್ಪನ್ನೂ ಕ್ಯಾನ್ಸರನ್ನೂ ದೂರವಿಡುತ್ತವೆಂದು ಮಾರಲಾಗುತ್ತಿರುವ ಎನ್‌ಎಂಎನ್ ಮಾತ್ರೆಗಳನ್ನು ಕೊಡಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಕಲಬುರಗಿಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುವವನು. ನನ್ನ ತಂದೆಯವರಾಗಿದ್ದರೆ ನಾನು ಕೊಡುತ್ತಿರಲಿಲ್ಲ. ಕಾರಣವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಆ ಜಾಹೀರಾತಿನ ಅರ್ಧ ಮಾತು ನಿಜ.

ಸರ್ಟುಯಿನ್‌ಗಳು ಕಿಣ್ವಗಳು, ಮನುಷ್ಯನಲ್ಲಿ ಸರ್ಟ್1ರಿಂದ ಸರ್ಟ್7ರವರೆಗೆ ಏಳು ಬಗೆಯವು ಇವೆ. ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡ ಅಸಿಟೈಲ್ ಗುಂಪೆಂಬ ಪುಟ್ಟ ರಾಸಾಯನಿಕ ತುಣುಕನ್ನು ಕಳಚುವುದು ಇವುಗಳಲ್ಲಿ ಹೆಚ್ಚಿನವುಗಳ ಮುಖ್ಯ ಕೆಲಸ. ಇದರಿಂದ ಕೆಲವು ಜೀನುಗಳು ಸುಮ್ಮನಾಗುತ್ತವೆ, ತುಂಡಾದ ಡಿಎನ್‌ಎಯ ದುರಸ್ತಿಗೆ ನೆರವಾಗುತ್ತದೆ, ಜೀವಕೋಶವು ಸಕ್ಕರೆ ಮತ್ತು ಕೊಬ್ಬನ್ನು ಬಳಸುವ ರೀತಿ ಬದಲಾಗುತ್ತದೆ. ಪ್ರತಿಯೊಂದು ಕಳಚುವಿಕೆಗೂ ಎನ್‌ಎಡಿ ಎಂಬ ಒಂದು ಅಣು ವೆಚ್ಚವಾಗುತ್ತದೆ. ವಯಸ್ಸಾದಂತೆ ಹಲವು ಅಂಗಾಂಶಗಳಲ್ಲಿ ಎನ್‌ಎಡಿ ಇಳಿಯುವುದರಿಂದ, ದೇಹದೊಳಗೆ ಎನ್‌ಎಡಿಯಾಗಿ ಮಾರ್ಪಡುವ ಎನ್‌ಎಂಎನ್ ಸೇವಿಸಿದರೆ ಸರ್ಟುಯಿನ್‌ಗಳು ಮತ್ತೆ ಚುರುಕಾಗುತ್ತವೆ ಎಂಬುದು ಮಾರಾಟಗಾರರ ತರ್ಕ.

ಈ ಉತ್ಸಾಹ ಶುರುವಾದದ್ದು 1999ರಲ್ಲಿ, ಯೀಸ್ಟ್‌ನಲ್ಲಿ ಅದರ ಸರ್ಟುಯಿನ್ ಜೀನಾದ ಸರ್2ರ ಒಂದು ಹೆಚ್ಚುವರಿ ಪ್ರತಿಯಿಟ್ಟಾಗ ಅದರ ಆಯುಷ್ಯ ಸುಮಾರು ಶೇ 30ರಷ್ಟು ಹೆಚ್ಚಿದ ಪ್ರಯೋಗದಿಂದ. ಹುಳು ಮತ್ತು ನೊಣಗಳಲ್ಲೂ ಹೀಗೆಯೇ ಆಗುತ್ತದೆಂಬ ವರದಿಗಳನ್ನು 2011ರಲ್ಲಿ ಬಿಗಿಯಾಗಿ ಮರುಪರೀಕ್ಷಿಸಿದಾಗ ಆ ಪರಿಣಾಮ ಬಹುಮಟ್ಟಿಗೆ ಕಾಣದಾಯಿತು. ಸರ್ಟ್1 ಹೆಚ್ಚಾಗಿದ್ದ ಇಲಿಗಳು ಮುಪ್ಪಿನಲ್ಲಿ ಹೆಚ್ಚು ಆರೋಗ್ಯವಾಗಿದ್ದವು, ಕೆಲವು ಬಗೆಯ ಕ್ಯಾನ್ಸರ್‌ಗಳೂ ಅವುಗಳಲ್ಲಿ ಕಡಿಮೆಯಿದ್ದವು, ಆದರೆ ಹೆಚ್ಚು ಕಾಲ ಬದುಕಲಿಲ್ಲ. ಸರ್ಟ್6 ಹೆಚ್ಚಿಸಿದಾಗ 2012ರ ಪ್ರಯೋಗದಲ್ಲಿ ಗಂಡು ಇಲಿಗಳ ಆಯುಷ್ಯ ಮಾತ್ರ ಬೆಳೆಯಿತು, 2021ರ ಇನ್ನೊಂದರಲ್ಲಿ ಹೆಣ್ಣುಗಳದ್ದೂ ಬೆಳೆಯಿತು. ಆರೋಗ್ಯವಂತ ಮುಪ್ಪು ಬೇರೆ, ದೀರ್ಘಾಯುಷ್ಯ ಬೇರೆ ಎಂಬುದನ್ನು ಜಾಹೀರಾತುಗಳು ಬೇಕೆಂದೇ ಮರೆಯುತ್ತವೆ ಎಂದು ನನ್ನ ಅನುಮಾನ.

ಈಗ ನಿಮಗೆ ನಿಜವಾಗಿ ಬೇಕಾದ ವಿಷಯಕ್ಕೆ ಬರುತ್ತೇನೆ. ಸರ್ಟ್6 ಇಲ್ಲವಾದರೆ ಜೀವಕೋಶವು ಸಕ್ಕರೆಯನ್ನು ಮಿತಿಮೀರಿ ಸುಡತೊಡಗಿ ಗಡ್ಡೆಗೆ ದಾರಿಯಾಗುತ್ತದೆ. ಸರ್ಟ್3 ಇಲ್ಲದ ಹೆಣ್ಣು ಇಲಿಗಳಲ್ಲಿ ಸ್ತನದ ಗಡ್ಡೆಗಳು ಕಂಡಿವೆ. ಇಲ್ಲಿಯವರೆಗೆ ಅವು ರಕ್ಷಕರೇ. ಆದರೆ ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಅಥವಾ ಸಾಯುವಂತೆ ಮಾಡುವ ಪಿ53 ಎಂಬ ಪ್ರೋಟೀನಿನಿಂದಲೂ ಸರ್ಟ್1 ಅಸಿಟೈಲ್ ಗುಂಪನ್ನು ಕಳಚಿ ಅದರ ಬಿರುಸನ್ನು ತಗ್ಗಿಸುತ್ತದೆ ಎಂದು 2001ರಲ್ಲೇ ತಿಳಿದುಬಂದಿದೆ. ಕೋಶವನ್ನು ಬದುಕಿಸಿಕೊಳ್ಳುವುದೇ ಸರ್ಟುಯಿನ್‌ನ ಗುಣ. ಆ ಕೋಶ ಒಳ್ಳೆಯದೋ ಕೆಟ್ಟದ್ದೋ ಎಂದು ಅದು ಕೇಳುವುದಿಲ್ಲ. ಗಡ್ಡೆ ಹುಟ್ಟುವ ಮೊದಲು ಉಪಕಾರಿಯಾದದ್ದೇ, ಹುಟ್ಟಿದ ಮೇಲೆ ಗಡ್ಡೆಯ ಕೋಶಗಳು ವಿಕಿರಣ ಮತ್ತು ಔಷಧಗಳ ಏಟನ್ನು ತಾಳಿಕೊಳ್ಳಲು ನೆರವಾಗಬಹುದು. ಇನ್ನೊಂದು ಸಂಗತಿ ನೋಡಿ: ವೇಗವಾಗಿ ಬೆಳೆಯುವ ಗಡ್ಡೆಗೆ ಎನ್‌ಎಡಿ ಹೇರಳವಾಗಿ ಬೇಕು ಎಂಬ ಕಾರಣಕ್ಕೇ, ಎನ್‌ಎಡಿ ತಯಾರಾಗುವುದನ್ನು ತಡೆಯುವ ಔಷಧಗಳನ್ನು ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಲಾಗಿದೆ. ಒಂದು ಕಡೆ ಸಂಶೋಧಕರು ತಗ್ಗಿಸಲು ನೋಡಿದ್ದನ್ನು, ಶಸ್ತ್ರಚಿಕಿತ್ಸೆಯಾಗಿ ಇನ್ನೂ ತಪಾಸಣೆಯಲ್ಲಿರುವವರಿಗೆ ನಾವು ಹೆಚ್ಚಿಸಿ ಕೊಡುವುದು ವಿವೇಕವೆಂದು ನನಗೆ ಅನಿಸುವುದಿಲ್ಲ.

ಎದುರು ವಾದವನ್ನೂ ಹೇಳಬೇಕು. ಆಸ್ಟ್ರೇಲಿಯಾದಲ್ಲಿ 386 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎನ್‌ಎಡಿಯ ಮತ್ತೊಂದು ಮೂಲವಾದ ನಿಕೋಟಿನಮೈಡ್ ಕೆಲವು ಚರ್ಮದ ಕ್ಯಾನ್ಸರ್‌ಗಳನ್ನು ಶೇ 23ರಷ್ಟು ತಗ್ಗಿಸಿತು. ಆದರೆ ಅದು ಬಿಸಿಲಿನಿಂದ ಚರ್ಮ ಕೆಟ್ಟವರ ಕಥೆ. ಮಾತ್ರೆ ನಿಲ್ಲಿಸಿದ ಮೇಲೆ ಲಾಭವೂ ನಿಂತಿತು. ಮೇಲಾಗಿ ನಿಕೋಟಿನಮೈಡ್ ಹೆಚ್ಚಾದರೆ ಸರ್ಟುಯಿನ್‌ಗಳನ್ನು ಅದೇ ತಡೆಯುತ್ತದೆ!

ಎನ್‌ಎಡಿ ಮೂಲತಃ ಬರುವುದು ಊಟದಲ್ಲಿರುವ ನಿಯಾಸಿನ್ (ಒಂದು ಬಿ ಜೀವಸತ್ವ) ಮತ್ತು ಟ್ರಿಪ್ಟೊಫಾನ್‌ನಿಂದ (ಪ್ರೋಟೀನಿನ ಒಂದು ಅಮೈನೊ ಆಮ್ಲ). ಜೋಳವನ್ನೇ ನೆಚ್ಚಿಕೊಂಡ ದಖ್ಖನ್ನಿನ ಬಡವರಲ್ಲಿ ನಿಯಾಸಿನ್ ಕೊರತೆಯ ಪೆಲಾಗ್ರ ರೋಗ ಕಾಣುವುದನ್ನು ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ ಅವರು 1960ರ ಸುಮಾರಿಗೆ ಅಭ್ಯಾಸ ಮಾಡಿ, ಜೋಳದಲ್ಲಿರುವ ಅತಿಯಾದ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವೆಂದು ವಾದಿಸಿದ್ದರು. ಆ ವಿವರಣೆಯನ್ನು ಮುಂದೆ ಎಲ್ಲರೂ ಒಪ್ಪಲಿಲ್ಲ. ರೊಟ್ಟಿಯ ಜೊತೆ ತೊಗರಿ ಬ್ಯಾಳಿ, ಹಾಲು-ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಇರುವ ಮನೆಯಲ್ಲಿ ಈ ಕೊರತೆಯ ಭಯ ಕಡಿಮೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇದೆ. ತಂದೆಯವರಿಗೆ ಬಾಯಿ ಪೂರ್ತಿ ತೆರೆಯಲಾಗದಿದ್ದರೆ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ, ಹಿಂಡಿಯನ್ನು ಖಾರವಿಲ್ಲದೆ ನುಣ್ಣಗೆ ಕುಟ್ಟಿ ಮೊಸರಿನಲ್ಲಿ ಕಲಸಿ ಕೊಡಿ.

ತಂಬಾಕು, ಗುಟ್ಕಾ, ಅಡಿಕೆ ಪೂರ್ತಿ ಬಿಟ್ಟಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಬಾಯಲ್ಲಿ ಎರಡನೆಯ ಗಡ್ಡೆ ಏಳುವ ಸಾಧ್ಯತೆ ಯಾವ ಸರ್ಟುಯಿನ್‌ಗಿಂತಲೂ ಇದರ ಮೇಲೆ ಹೆಚ್ಚು ನಿಂತಿದೆ. ಮಾತ್ರೆಯ ಡಬ್ಬಿಯನ್ನು ಈಗಾಗಲೇ ಕೊಂಡಿದ್ದರೆ ತೆರೆಯದೆ ಇಟ್ಟು, ಮುಂದಿನ ತಪಾಸಣೆಗೆ ಹೋಗುವಾಗ ಒಯ್ದು ಚಿಕಿತ್ಸೆ ಮಾಡಿದ ವೈದ್ಯರಿಗೇ ತೋರಿಸಿ.