ಪರಿಮಳದ ಕ್ಯಾಂಡಲ್ ನಡುವೆ ಗುಂಡಿ ಬಿದ್ದರೆ ಏನು ಮಾಡೋದು?

ಮೈಸೂರಿನಲ್ಲಿ ಮನೆಯಲ್ಲೇ ಪರಿಮಳದ ಕ್ಯಾಂಡಲ್ ಮಾಡಿ ಮಾರುತ್ತೇನೆ. ಈ ಸಲ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಗೃಹಪ್ರವೇಶಕ್ಕೆ ಗಾಜಿನ ಲೋಟದಲ್ಲಿರುವ ಲ್ಯಾವೆಂಡರ್ ಕ್ಯಾಂಡಲ್ ಉಡುಗೊರೆ ಬಂತು. ದಿನಾ ಸಂಜೆ ಅರ್ಧ ಗಂಟೆ ಹಚ್ಚಿ ಆರಿಸುತ್ತೇನೆ. ಈಗ ನಡುವೆ ಆಳವಾದ ಗುಂಡಿ ಬಿದ್ದಿದೆ. ಸುತ್ತಲಿನ ಮೇಣ ಹಾಗೇ ನಿಂತಿದೆ. ಬೆಂಕಿ ಸಣ್ಣದಾಗಿ ತಾನೇ ಆರಿಹೋಗುತ್ತದೆ. ಕ್ಯಾಂಡಲೇ ಕಳಪೆಯೇ?
*ಗೃಹಿಣಿ, ದಾವಣಗೆರೆ*

ಕಳಪೆ ಅಂತ ಈಗಲೇ ಹೇಳಬೇಡಿ. ಆ ಅರ್ಧ ಗಂಟೆಯಲ್ಲೇ ವಿಷಯ ಇದೆ.

ಬತ್ತಿಯ ಸುತ್ತಲಿನ ಮೇಣ ಮೊದಲು ಕರಗುತ್ತದೆ. ಆಮೇಲೆ ನಿಧಾನವಾಗಿ ಅಂಚಿನ ಕಡೆಗೆ ಹರಡುತ್ತದೆ. ಅಂಚು ಮುಟ್ಟುವ ಮೊದಲೇ ಆರಿಸಿದರೆ ನಡುವೆ ಒಂದು ತಗ್ಗು ಉಳಿಯುತ್ತದೆ. ಮರುದಿನ ಬತ್ತಿ ಆ ತಗ್ಗಿನೊಳಗಿಂದಲೇ ಉರಿಯಬೇಕು. ಬಿಸಿ ಮೇಲಕ್ಕೆ ಹೋಗುತ್ತದೆಯೇ ಹೊರತು ಪಕ್ಕದ ಗಟ್ಟಿ ಮೇಣಕ್ಕೆ ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ ತಗ್ಗು ದಿನದಿಂದ ದಿನಕ್ಕೆ ಆಳವಾಗುತ್ತದೆ. ಕೊನೆಗೆ ಕರಗಿದ ಮೇಣದಲ್ಲಿ ಬತ್ತಿ ಮುಳುಗಿ ಆರಿಹೋಗುತ್ತದೆ.

ಅದಕ್ಕೇ ಮೊದಲ ಸಲ ಹಚ್ಚುವ ದಿನ ಆತುರ ಬೇಡ. ಲೋಟದ ಬಾಯಿ ಎಷ್ಟು ಇಂಚು ಅಗಲವೋ ಸುಮಾರು ಅಷ್ಟು ಗಂಟೆ ಉರಿಯಲಿ. ಮೂರು ಇಂಚಿನ ಲೋಟಕ್ಕೆ ಮೂರು ಗಂಟೆ. ಮೇಲಿನ ಮೇಣ ಪೂರ್ತಿ ಕರಗಿ ಗಾಜು ಮುಟ್ಟಬೇಕು. ಆಮೇಲೆಯೂ ಹಚ್ಚಿದಾಗೆಲ್ಲ ಅಂಚು ಮುಟ್ಟುವವರೆಗೆ ಬಿಡಿ, ಆದರೆ 4 ಗಂಟೆ ಮೀರಬೇಡಿ. ಅದಕ್ಕಿಂತ ಹೆಚ್ಚಾದರೆ ಬತ್ತಿಯ ತುದಿಯಲ್ಲಿ ಕರಿ ಕಟ್ಟುತ್ತದೆ, ಗಾಜೂ ವಿಪರೀತ ಕಾಯುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಕೂತಿರಲು ಆಗದ ದಿನ ಕ್ಯಾಂಡಲ್ ಹಚ್ಚಲೇಬೇಡಿ. ಅರ್ಧ ಗಂಟೆಯ ಪರಿಮಳಕ್ಕೆ ಒಂದು ಊದುಬತ್ತಿ ಸಾಕು, ಅಲ್ವಾ?

ಈಗ ನಿಮ್ಮ ಲೋಟವನ್ನು ಉಳಿಸೋಣ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಳ್ಳಿ. ಲೋಟದ ಬಾಯಿಯ ಸುತ್ತ ಸುತ್ತಿ, ಒಳಕ್ಕೆ ಬಗ್ಗಿಸಿ, ನಡುವೆ ಒಂದೂವರೆ ಇಂಚಿನಷ್ಟು ತೆರೆದು ಬಿಡಿ. ಬಿಸಿ ಒಳಗೇ ಉಳಿದು ಅಂಚಿನ ಮೇಣ ಕರಗತೊಡಗುತ್ತದೆ. ಗಂಟೆ, ಒಂದೂವರೆ ಗಂಟೆ ಬೇಕಾಗಬಹುದು. ಅಷ್ಟು ಹೊತ್ತೂ ಪಕ್ಕದಲ್ಲೇ ಇರಿ. ಫಾಯಿಲ್ ಸುಡುತ್ತದೆ, ಆರಿಸಿದ ಮೇಲೆ ಬಟ್ಟೆ ಹಿಡಿದು ತೆಗೆಯಿರಿ. ಬತ್ತಿ ಪೂರ್ತಿ ಮುಳುಗಿದ್ದರೆ ಮೊದಲು ಹೇರ್ ಡ್ರೈಯರ್‌ನಿಂದ ಮೇಲಿನ ಮೇಣ ಕರಗಿಸಿ. ಜಾಸ್ತಿ ಆದ ಮೇಣವನ್ನು ಹಳೇ ಪೇಪರಿನ ಮೇಲೆ ಸುರಿಯಿರಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ, ಗಾಳಿಯಿಲ್ಲದ ಜಾಗದಲ್ಲಿ ಮೂರು ಗಂಟೆ ಉರಿದ ಮೇಲೂ, ಸುತ್ತ ದಪ್ಪ ಗೋಡೆ ಉಳಿದರೆ ಆಗ ತಪ್ಪು ಕ್ಯಾಂಡಲ್ ಮಾಡಿದವರದ್ದು. ಲೋಟದ ಅಗಲಕ್ಕೆ ತಕ್ಕ ಬತ್ತಿ ಹಾಕಿಲ್ಲ, ಅಥವಾ ಎರಡು ಬತ್ತಿ ಬೇಕಿದ್ದಲ್ಲಿ ಒಂದೇ ಹಾಕಿದ್ದಾರೆ. ಅಂಥದ್ದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಕೇಳಿ, ಸಂಕೋಚ ಬೇಡ. ಸೋಯಾ ಮೇಣದಲ್ಲಿ ಮೊದಮೊದಲು ಗಾಜಿಗೆ ತೆಳುವಾಗಿ ಅಂಟಿದ ಪದರ ಉಳಿದರೆ ಮಾತ್ರ ಚಿಂತೆ ಬೇಡ. ಬೆಂಕಿ ಕೆಳಗಿಳಿದಂತೆ ಲೋಟದೊಳಗಿನ ಬಿಸಿ ಹೆಚ್ಚಾಗಿ ಅದೂ ಕರಗುತ್ತದೆ.

ನನ್ನ ಕ್ಯಾಂಡಲ್ ಒಂದೇ ಕಡೆ ಕರಗುತ್ತದೆ. ಆ ಬದಿಯ ಗಾಜೂ ಕಪ್ಪಾಗಿದೆ. ಬತ್ತಿಯ ತುದಿ ಅಣಬೆ ಥರ ಊದಿಕೊಂಡಿದೆ.
*ಕಾಲೇಜು ವಿದ್ಯಾರ್ಥಿನಿ, ಮಂಗಳೂರು*

ನಿಮ್ಮ ರೂಮಿನಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಅಲ್ವಾ? ಮಂಗಳೂರಿನ ಸೆಕೆಯಲ್ಲಿ ಇನ್ನೇನು ಮಾಡೋದು!

ಬೆಂಕಿ ಉರಿಯುವಾಗ ಸುತ್ತಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ಜಾಗಕ್ಕೆ ತಂಪು ಗಾಳಿ ಎಲ್ಲ ಕಡೆಯಿಂದ ಸಮವಾಗಿ ಬರುತ್ತದೆ. ಅದರಿಂದಲೇ ಕ್ಯಾಂಡಲಿನ ಅಂಚು ಗಟ್ಟಿಯಾಗಿ ಉಳಿದು, ನಡುವೆ ಕರಗಿದ ಮೇಣ ನಿಲ್ಲಲು ಬಟ್ಟಲಿನ ಆಕಾರ ಆಗುತ್ತದೆ. ವಿಜ್ಞಾನಿ ಮೈಕೆಲ್ ಫ್ಯಾರಡೇ 1860ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಬರೀ ಕ್ಯಾಂಡಲ್ ಬಗ್ಗೆಯೇ ಆರು ಉಪನ್ಯಾಸ ಕೊಟ್ಟರು. ಅಲ್ಲಿ ಈ ಬಟ್ಟಲಿನ ಗುಟ್ಟನ್ನೂ ಬಿಡಿಸಿ ಹೇಳಿದರು. ಒಂದು ಕಡೆಯಿಂದ ಗಾಳಿ ಬಡಿದರೆ ಬೆಂಕಿ ವಾಲುತ್ತದೆ, ವಾಲಿದ ಕಡೆ ಮಾತ್ರ ಕರಗುತ್ತದೆ. ಮೇಣದ ಆವಿ ಪೂರ್ತಿ ಉರಿಯದೆ ಮಸಿಯಾಗಿ ಗಾಜಿಗೆ ಹತ್ತುತ್ತದೆ.

ಹಾಗಾಗಿ ಫ್ಯಾನ್, ಏಸಿ, ಕಿಟಕಿ ಮೂರಕ್ಕೂ ದೂರವಾದ ಮೂಲೆ ಹುಡುಕಿ. ಅದು ಆಗದಿದ್ದರೆ ಕ್ಯಾಂಡಲ್ ವಾರ್ಮರ್ ಲ್ಯಾಂಪ್ ಸಿಗುತ್ತದೆ. ಮೇಲಿನಿಂದ ಬಲ್ಬಿನ ಬಿಸಿ ಬಿದ್ದು ಮೇಣ ಕರಗುತ್ತದೆ. ಬೆಂಕಿಯೇ ಇಲ್ಲದ ಕಾರಣ ವಾಲುವ ಮಾತಿಲ್ಲ, ಮಸಿಯೂ ಇಲ್ಲ. ಹಾಸ್ಟೆಲಿನಲ್ಲಿ ಇರುವವರಿಗಂತೂ ನಾನು ಹೇಳುವುದು ಅದನ್ನೇ.

ಇನ್ನು ಬತ್ತಿ. ಪ್ರತಿ ಸಲ ಹಚ್ಚುವ ಮೊದಲು ಕಾಲಿಂಚು, ಅಂದರೆ ಸುಮಾರು 6 ಮಿಲಿಮೀಟರ್ ಬಿಟ್ಟು ಉಳಿದದ್ದನ್ನು ಕತ್ತರಿಸಿ. ನಮ್ಮ ಅಜ್ಜಿ ಲಾಟೀನಿನ ಬತ್ತಿ ಕತ್ತರಿಸಿ, ಗಾಜು ಒರೆಸಿಯೇ ಸಂಜೆ ದೀಪ ಹಚ್ಚುತ್ತಿದ್ದರು. ಕ್ಯಾಂಡಲಿಗೂ ಅದೇ ಕಾಳಜಿ ಬೇಕು. 1825ರ ಸುಮಾರಿಗೆ ಫ್ರಾನ್ಸಿನಲ್ಲಿ ಹೆಣೆದ ಬತ್ತಿ ಬಂದ ಮೇಲೆ ತುದಿ ತಾನೇ ಬಾಗಿ ಬೆಂಕಿಯ ಅಂಚಿನಲ್ಲಿ ಸುಟ್ಟುಹೋಗುವಂತಾಯಿತು. ಆದರೆ ಪರಿಮಳದ ಎಣ್ಣೆ, ಬಣ್ಣ ಬೆರೆತ ಮೇಣದಲ್ಲಿ ಕರಿ ಜಾಸ್ತಿ ಕಟ್ಟುತ್ತದೆ. ನಿಮ್ಮ ಅಣಬೆ ಅದೇ. ಕ್ಯಾಂಡಲ್ ತಣ್ಣಗಿರುವಾಗ ನೇಲ್ ಕಟರ್‌ನಲ್ಲಿ ಕತ್ತರಿಸಬಹುದು. ಕರಿಯ ಚೂರು, ಕಡ್ಡಿಯ ತುಂಡು ಮೇಣದಲ್ಲಿ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಅದಕ್ಕೂ ಬೆಂಕಿ ಹತ್ತುತ್ತದೆ. ತೀರಾ ಗಿಡ್ಡ ಮಾಡಿದರೂ ಕಷ್ಟ, ಬತ್ತಿ ಮುಳುಗುತ್ತದೆ.

ಆರಿಸುವಾಗ ಊದಬೇಡಿ. ಹೊಗೆ ಏಳುತ್ತದೆ, ಬಿಸಿ ಮೇಣ ಸಿಡಿಯುತ್ತದೆ. ಒಂದು ಉದ್ದ ಕಡ್ಡಿಯಿಂದ ಬತ್ತಿಯನ್ನು ಮೇಣದೊಳಗೆ ಅದ್ದಿ ಮತ್ತೆ ನೆಟ್ಟಗೆ ನಿಲ್ಲಿಸಿ. ಬತ್ತಿಗೆ ಮೇಣ ಹಿಡಿದುಕೊಳ್ಳುತ್ತದೆ, ಮುಂದಿನ ಸಲ ಸುಲಭವಾಗಿ ಹೊತ್ತುತ್ತದೆ. ವಾಲಿದ ಬತ್ತಿಯನ್ನು ನಡುವಿಗೆ ತರುವುದಕ್ಕೂ ಅದೇ ಸಮಯ.

ಬೇಸಿಗೆಯಲ್ಲಿ ಕ್ಯಾಂಡಲ್ ಮೇಲೆ ಎಣ್ಣೆ ಹನಿ ಕಾಣಿಸಿಕೊಂಡಿದೆ. ಫ್ರಿಜ್ಜಿನಲ್ಲಿ ಇಡಲೇ?
*ಶಿಕ್ಷಕರು, ಕಲಬುರಗಿ*

ಬೇಡ ಸರ್. ಒಮ್ಮೆಲೇ ತಣ್ಣಗಾದರೆ ಮೇಣ ಕುಗ್ಗಿ ಗಾಜು ಬಿಡುತ್ತದೆ, ಬಿರುಕೂ ಬಿಡಬಹುದು. ಲೋಟಕ್ಕೆ ಹಾಕುವ ಸೋಯಾ ಮೇಣ ಸುಮಾರು 45ರಿಂದ 50 ಡಿಗ್ರಿಯಲ್ಲೇ ಕರಗುತ್ತದೆ. ನಿಮ್ಮೂರಿನ ಮೇ ತಿಂಗಳು 40 ದಾಟುತ್ತದೆ. ಮೇಣ ಮೆತ್ತಗಾಗಿ, ಅದರಲ್ಲಿದ್ದ ಪರಿಮಳದ ಎಣ್ಣೆ ಮೇಲೆ ಬೆವರುತ್ತದೆ. ಹಚ್ಚುವ ಮೊದಲು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ, ಆ ಎಣ್ಣೆಗೆ ಬೆಂಕಿ ಹತ್ತಬಾರದು. ಮುಚ್ಚಳ ಹಾಕಿ ಕಪಾಟಿನ ಕೆಳಗಿನ ಅರೆಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ಮುಚ್ಚಳ ತೆಗೆದಿಟ್ಟ ಕ್ಯಾಂಡಲ್ ಹಚ್ಚದೆಯೇ ಪರಿಮಳ ಕಳೆದುಕೊಳ್ಳುತ್ತದೆ.

ಮೇಲೆ ಬಿಳಿ ಬೂದಿ ಹಿಡಿದಂತೆ ಕಂಡರೆ ಗಾಬರಿ ಬೇಡ. ಸೋಯಾ ಮೇಣದ ಗುಣವೇ ಅದು, ಉರಿಯುವುದಕ್ಕೆ ಅಡ್ಡಿಯಿಲ್ಲ.

ಪರಿಮಳ ಸಾಲದು ಅನಿಸಿದರೆ ಉರಿಯುವ ಕ್ಯಾಂಡಲಿಗೆ ಎರಡು ಹನಿ ಗಂಧದೆಣ್ಣೆ ಹಾಕಬಹುದೇ?
*ಓದುಗರು, ಬೆಂಗಳೂರು*

ಖಂಡಿತ ಬೇಡ. ಬೆಂಕಿಯ ಹತ್ತಿರ ಎಣ್ಣೆ ಬಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕ್ಯಾಂಡಲ್ ಮಾಡುವಾಗ ಪರಿಮಳದ ಎಣ್ಣೆಯನ್ನು ತೂಗಿ, ಕರಗಿದ ಮೇಣದಲ್ಲಿ ಸರಿಯಾಗಿ ಬೆರೆಸಿರುತ್ತಾರೆ. ಆಮೇಲೆ ಮೇಲಿನಿಂದ ಸುರಿದದ್ದು ಹಾಗೆ ಬೆರೆಯುವುದಿಲ್ಲ. ನಮ್ಮ ಮೈಸೂರಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಗಂಧದೆಣ್ಣೆ ತೆಗೆಯುತ್ತಿದ್ದಾರೆ. ಅದರ ಬೆಲೆ ಗೊತ್ತಿದ್ದವರು ಯಾರೂ ಅದನ್ನು ಬೆಂಕಿಗೆ ಹಾಕುವುದಿಲ್ಲ. ಅದು ನಿಧಾನವಾಗಿ ಆವಿಯಾಗುವ ಎಣ್ಣೆ, ಮೈ ಮೇಲೆ ಹಚ್ಚಿದರೇ ಚೆಂದ.

ಪರಿಮಳ ಸಾಲದಿದ್ದರೆ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಮೇಣ ಅಂಚು ಮುಟ್ಟುವವರೆಗೆ ಉರಿಸಿ, ಆರಿಸಿದ ಮೇಲೆ ಒಮ್ಮೆ ಹೊರಗೆ ಹೋಗಿ ಬನ್ನಿ. ಅಲ್ಲೇ ಕೂತವರ ಮೂಗು ಪರಿಮಳಕ್ಕೆ ಒಗ್ಗಿರುತ್ತದೆ. ಮನೆಯಲ್ಲಿ ಉಬ್ಬಸದವರು, ಪುಟ್ಟ ಮಕ್ಕಳು ಅಥವಾ ಸಾಕಿದ ಹಕ್ಕಿಗಳಿದ್ದರೆ ಅವರಿರುವ ಕೋಣೆಯಲ್ಲಿ ಹಚ್ಚಬೇಡಿ.

ತಳದವರೆಗೂ ಉರಿಸಬಹುದೇ? ಲೋಟ ಚೆನ್ನಾಗಿದೆ, ಎಸೆಯಲು ಮನಸ್ಸಿಲ್ಲ.
*ಓದುಗರು, ಶಿವಮೊಗ್ಗ*

ತಳದಲ್ಲಿ ಅರ್ಧ ಇಂಚು ಮೇಣ ಇರುವಾಗಲೇ ನಿಲ್ಲಿಸಿ. ಅದಕ್ಕಿಂತ ಕೆಳಗಿಳಿದರೆ ಬೆಂಕಿಯ ಬಿಸಿ ನೇರವಾಗಿ ಗಾಜಿಗೆ ತಾಗಿ ಅದು ಸೀಳಬಹುದು. ಲೋಟ ಪೂರ್ತಿ ತಣ್ಣಗಾದ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ನೀರು ಒಳಗೆ ಹೋಗಬಾರದು, ಕುದಿಯುವ ನೀರೂ ಬೇಡ. ಅಂಚು ಮೆತ್ತಗಾಗಿ ಮೇಣ ಬಿಟ್ಟುಕೊಳ್ಳುತ್ತದೆ. ಪೇಪರಿನಿಂದ ಒರೆಸಿ, ಆಮೇಲೆ ಸಾಬೂನು ಹಾಕಿ ತೊಳೆಯಿರಿ. ಪೆನ್ನು, ಬಾಚಣಿಗೆ, ಹೂವು ಏನು ಬೇಕಾದರೂ ಇಡಿ. ಕಾಫಿ ಕುಡಿಯಲು ಮಾತ್ರ ಬಳಸಬೇಡಿ.