ಆರು ಜನ, ಒಂದು ಸಣ್ಣ ಹಾಲ್: ಯಾವ ನಾಟಕ ಆಡೋಣ?

ಹೊಸ ನಾಟಕಗಳ ಆಯ್ಕೆ, ಓದು, ತಾಲೀಮಿನ ಬಗ್ಗೆ ಮೈಸೂರು, ಮಂಡ್ಯದ ಓದುಗರು ಕೇಳಿದ ಪ್ರಶ್ನೆಗಳಿಗೆ ರಂಗತಜ್ಞರ ಉತ್ತರ

ಪ್ರಶ್ನೆ: ನಮ್ಮದು ಮೈಸೂರಿನ ಹವ್ಯಾಸಿ ತಂಡ. ನಾಲ್ವರು ಹೆಂಗಸರು, ಇಬ್ಬರು ಗಂಡಸರು. ಎಲ್ಲರೂ ಕೆಲಸಕ್ಕೆ ಹೋಗುವವರು. ಹಳೆಯ ನಗೆನಾಟಕಗಳನ್ನೇ ಆಡಿ ಆಡಿ ಸಾಕಾಗಿದೆ. ಕಿರುರಂಗಮಂದಿರದಂಥ ಜಾಗದಲ್ಲಿ ಒಂದೂವರೆ ಗಂಟೆಯೊಳಗೆ ಮುಗಿಯುವ ಈಚಿನ ನಾಟಕ ಯಾವುದಿದೆ?

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ಓದಿ. ಕನ್ನಡದಲ್ಲಿ ಕಥೆ ಬರೆಯುತ್ತಿದ್ದ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ದೊಡ್ಡ ಹೆಸರು ಮಾಡಿದ್ದಾಳೆ. ಟೀವಿ ಸ್ಟುಡಿಯೋದಲ್ಲಿ ಮಾತು ಮುಗಿಸಿ ಹೊರಡಬೇಕು ಅನ್ನುವಷ್ಟರಲ್ಲಿ ಪರದೆಯ ಮೇಲಿನ ಅವಳದೇ ಮುಖ ಅವಳನ್ನು ಪ್ರಶ್ನೆ ಕೇಳತೊಡಗುತ್ತದೆ. ಕಾದಂಬರಿ, ಅಂಗವಿಕಲೆಯಾಗಿದ್ದ ತಂಗಿ ಮಾಲಿನಿ, ಗಂಡ ಪ್ರಮೋದ್, ಹೀಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ರಂಗದ ಮೇಲೆ ಇರುವುದು ಒಬ್ಬಳೇ ನಟಿ, ಪರದೆಯ ಮೇಲಿನ ಬಿಂಬ ಮೊದಲೇ ಚಿತ್ರೀಕರಿಸಿಟ್ಟ ಅವಳದೇ ಮುಖ. ಹಾಗಾದರೆ ಉಳಿದ ಐವರಿಗೆ ಏನು ಕೆಲಸ ಅನ್ನಬೇಡಿ. ಕ್ಯಾಮೆರಾ, ಎಡಿಟಿಂಗ್, ಲೈಟು, ಸೌಂಡು, ಲ್ಯಾಪ್‌ಟಾಪಿನಲ್ಲಿ ಕ್ಯೂ ಕೊಡುವುದು (ಸರಿಯಾದ ಗಳಿಗೆಗೆ ವಿಡಿಯೋ ಬಿಡುವುದು), ಎಲ್ಲಕ್ಕೂ ಆಳು ಬೇಕು. ಇಬ್ಬರು ನಟಿಯರನ್ನು ತಯಾರು ಮಾಡಿ ಒಂದೊಂದು ಪ್ರದರ್ಶನ ಒಬ್ಬೊಬ್ಬರಿಗೆ ಕೊಡಬಹುದು. ಆಗ ರೆಕಾರ್ಡಿಂಗೂ ಎರಡಾಗಬೇಕು.

ಈ ನಾಟಕ ಕೆಡುವುದು ಬಹುತೇಕ ರೆಕಾರ್ಡಿಂಗಿನಲ್ಲೇ. ತಾಲೀಮು ಶುರುವಾದ ಮೊದಲ ವಾರದಲ್ಲೇ ಬಿಂಬವನ್ನು ಚಿತ್ರೀಕರಿಸಿದರೆ ನಟಿಗೆ ಇನ್ನೂ ಮಾತಿನ ಓಟ ಸಿಕ್ಕಿರುವುದಿಲ್ಲ. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಬಿಂಬದ ಜೊತೆ ಆಡಿ ಪಳಗಲು ದಿನಗಳೇ ಉಳಿಯುವುದಿಲ್ಲ. 45 ದಿನದ ತಾಲೀಮಾದರೆ 20ನೇ ದಿನದ ಆಸುಪಾಸು ಸರಿಯಾದ ಸಮಯ. ಅಷ್ಟರೊಳಗೆ ನಟಿ ರಂಗದ ಮೇಲೆ ಎಲ್ಲಿ ನಿಲ್ಲುತ್ತಾಳೆ, ಯಾವ ಮಾತಿಗೆ ಎತ್ತ ನಡೆಯುತ್ತಾಳೆ ಎಂಬುದು ಗಟ್ಟಿಯಾಗಿರಬೇಕು. ಏಕೆಂದರೆ ಬಿಂಬದ ಕಣ್ಣು ಅವಳನ್ನು ಹಿಂಬಾಲಿಸಬೇಕು. ಅವಳು ಎಡಕ್ಕೆ ನಡೆದಾಗ ಪರದೆಯ ಮುಖ ಬಲಕ್ಕೆ ನೋಡುತ್ತಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಚಿತ್ರೀಕರಣದ ದಿನ ಹೀಗೆ ಮಾಡಿ. ತಾಲೀಮಿನಲ್ಲಿ ನಟಿ ಆಡಿದ ರಂಗದ ಮೇಲಿನ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕ್ಯಾಮೆರಾದ ಪಕ್ಕದಲ್ಲಿ ಅದನ್ನು ಹಾಕಿ, ಅವಳು ತನ್ನ ದನಿಗೇ ಉತ್ತರ ಕೊಡಲಿ. ಬೇರೆಯವರು ಓದಿಕೊಟ್ಟರೆ ಲಯ ಬೇರೆಯಾಗುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಕಣ್ಣಿನ ಮಟ್ಟದಲ್ಲಿರಲಿ, ನಡುವೆ ಅಲುಗಿಸಬೇಡಿ. ಇಡೀ ಬಿಂಬವನ್ನು ಒಂದೇ ಉದ್ದದ ವಿಡಿಯೋ ಮಾಡಿದರೆ ಪ್ರೇಕ್ಷಕರು ನಕ್ಕಾಗ ಪರದೆ ಕಾಯುವುದಿಲ್ಲ, ಮುಂದಿನ ಮಾತು ನಗುವಿನಲ್ಲಿ ಮುಳುಗುತ್ತದೆ. ಆದ್ದರಿಂದ 12ರಿಂದ 15 ತುಂಡು ಮಾಡಿ, ಪ್ರತಿ ತುಂಡಿನ ಕೊನೆಯಲ್ಲಿ 20 ಸೆಕೆಂಡು ಬಿಂಬ ಸುಮ್ಮನೆ ಕೇಳಿಸಿಕೊಳ್ಳುತ್ತಿರುವ ಮುಖ ಇರಲಿ. ಕ್ಯೂ ಕೊಡುವವರು ನಟಿಯ ಉಸಿರು ನೋಡಿಕೊಂಡು ಮುಂದಿನ ತುಂಡು ಬಿಡುತ್ತಾರೆ. ತುಂಡು ಬದಲಾಗುವಾಗ ಮುಖ ತುಸು ಜಿಗಿದಂತೆ ಕಾಣುತ್ತದೆ. ಆ ಕ್ಷಣಕ್ಕೆ ನಟಿಯ ಒಂದು ಚಲನೆ ಇಟ್ಟರೆ ನೋಡುವವರ ಕಣ್ಣು ಅತ್ತ ಹೋಗುತ್ತದೆ.

ಸಣ್ಣ ಹಾಲಿಗೆ ಪ್ರೊಜೆಕ್ಟರಿಗಿಂತ 55 ಇಂಚಿನ ಟೀವಿ ಮೇಲು. ರಂಗದ ಬೆಳಕು ಬಿದ್ದರೆ ಪ್ರೊಜೆಕ್ಟರಿನ ಚಿತ್ರ ತೆಳುವಾಗುತ್ತದೆ. ಬಿಂಬದ ದನಿ ಹಾಲಿನ ದೊಡ್ಡ ಸ್ಪೀಕರಿನಿಂದ ಬೇಡ, ಟೀವಿಯ ಹಿಂದೆ ಸಣ್ಣ ಸ್ಪೀಕರ್ ಇಡಿ. ದನಿ ಮುಖದಿಂದಲೇ ಬರಬೇಕು. ಟೀವಿಗೂ ಲ್ಯಾಪ್‌ಟಾಪಿಗೂ ಯುಪಿಎಸ್ ಇರಲಿ. ಉದ್ದದ ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ ಆಗಾಗ ಹೋಗಿ ಬರುವುದುಂಟು, ಹಿಂದಿನ ದಿನವೇ ಅದೇ ಕೇಬಲ್ ಹಾಕಿ ಪೂರ್ತಿ ನಾಟಕ ಓಡಿಸಿ ನೋಡಿ.

ಎಲ್ಲರೂ ಬಣ್ಣ ಹಚ್ಚಲೇಬೇಕು ಅನ್ನುವುದಾದರೆ ಕಾರ್ನಾಡರದೇ ‘ಮದುವೆ ಅಲ್ಬಮ್’ ಇದೆ. ಆದರೆ ಅದಕ್ಕೆ ಆರು ಜನ ಸಾಲದು. ‘ರಾಕ್ಷಸ ತಂಗಡಿ’ 2018ರದು. 1565ರ ತಾಳಿಕೋಟೆ ಯುದ್ಧ, ವಿಜಯನಗರದ ಅಳಿಯ ರಾಮರಾಯ, ಸುಲ್ತಾನರ ದರ್ಬಾರುಗಳು. ಖಂಡಿತ ಓದಿ, ಆಡಲು ಮಾತ್ರ ದೊಡ್ಡ ತಂಡ ಬೇಕು. ವಿವೇಕ ಶಾನಭಾಗರ ‘ಸಕ್ಕರೆ ಗೊಂಬೆ’, ‘ಬಹುಮುಖಿ’ ಎರಡನ್ನೂ ಒಟ್ಟಿಗೆ ಕೂತು ಗಟ್ಟಿಯಾಗಿ ಓದಿ. ಗಡಿಯಾರ ಎದುರಿಗಿಟ್ಟುಕೊಂಡು ಓದಿ. ಓದಿಗೆ 60 ನಿಮಿಷ ಹಿಡಿದ ನಾಟಕ ರಂಗದ ಮೇಲೆ 75 ನಿಮಿಷ ದಾಟುತ್ತದೆ ಎಂದು ಲೆಕ್ಕ ಹಿಡಿಯಿರಿ. ಕಣ್ಣಲ್ಲಿ ಓದಿದಾಗ ಚೆನ್ನಾಗಿ ಕಂಡ ಎಷ್ಟೋ ನಾಟಕ ಬಾಯಿಗೆ ಹತ್ತುವುದೇ ಇಲ್ಲ. ಆ ಓದು ಮುಗಿಯುವವರೆಗೆ ಹಾಲ್ ಬುಕ್ ಮಾಡಬೇಡಿ.

ಪ್ರಶ್ನೆ: ಮಳವಳ್ಳಿ ತಾಲ್ಲೂಕಿನ ಹಳ್ಳಿ ನಮ್ಮದು. ವರ್ಷಾವರ್ಷ ‘ಕುರುಕ್ಷೇತ್ರ’ ಆಡುತ್ತೇವೆ. ಊರಿನ ಹುಡುಗರು ಈ ಸಲ ಹೊಸದು ಬೇಕು ಅನ್ನುತ್ತಾರೆ, ಹಿರಿಯರು ಹಾಡಿಲ್ಲದ ನಾಟಕ ಯಾರು ನೋಡುತ್ತಾರೆ ಅನ್ನುತ್ತಾರೆ. ಏನು ಮಾಡೋಣ?

ಹಿರಿಯರ ಮಾತು ಸರಿ. ಹಾಡು ಕೇಳಿ ಬೆಳೆದ ಪ್ರೇಕ್ಷಕರ ಮುಂದೆ ಏಕಾಏಕಿ ಸೋಫಾ, ಟೀಪಾಯಿ ಇಟ್ಟು ಮಾತಾಡಿದರೆ ಯಾರೂ ಕೂರುವುದಿಲ್ಲ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಎತ್ತಿಕೊಳ್ಳಿ. ಮಂಟೇಸ್ವಾಮಿ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ಹಾಡುವ ಕಥೆ ನಿಮ್ಮ ಸೀಮೆಯದೇ, ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕಲ್ಯಾಣದ ಶರಣರನ್ನು ಮಂಟೇದಯ್ಯ (ಮಂಟೇಸ್ವಾಮಿ) ಪರೀಕ್ಷೆಗೆ ಒಡ್ಡುವ ಕಥೆಯನ್ನು ನಿಮ್ಮೂರಿನ ಮುದುಕರು ನಿಮಗಿಂತ ಚೆನ್ನಾಗಿ ಬಲ್ಲರು. ನೀಲಗಾರರ ಮೇಳ ಹತ್ತಿರದಲ್ಲಿದ್ದರೆ ಅವರನ್ನೇ ಕೂರಿಸಿಕೊಳ್ಳಿ, ಸಂಭಾವನೆಯ ಮಾತು ಮೊದಲೇ ಆಡಿಕೊಳ್ಳಿ.

ಎರಡು ಕಡೆ ತೊಡಕಾಗುತ್ತದೆ. ಮೊದಲನೆಯದು ಹಾರ್ಮೋನಿಯಂ. ಡ್ರಾಮಾ ಮೇಷ್ಟ್ರು ಎತ್ತರದ ಶ್ರುತಿಗೆ ಹಾಡಿಸಿ ರೂಢಿ. ಈ ಪದಗಳಿಗೆ ಆ ಶ್ರುತಿ ಹಾಕಿದರೆ ಮಾತು ಕಳೆದುಹೋಗಿ ರಾಗವೊಂದೇ ಉಳಿಯುತ್ತದೆ. ತಂಬೂರಿಯ ಶ್ರುತಿಗೆ ಇಳಿಸಿ, ಗಗ್ಗರ ತಾಳ ಇಟ್ಟುಕೊಂಡರೆ ಸಾಕು. ಎರಡನೆಯದು ದುಡ್ಡಿನ ಲೆಕ್ಕ. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ಪಾತ್ರಕ್ಕೆ ತಕ್ಕಂತೆ ದುಡ್ಡು ಕಟ್ಟುತ್ತಾರೆ, ಅದಕ್ಕೆ ತಕ್ಕ ಹಾಡು, ಪ್ರವೇಶ ಸಿಗುತ್ತದೆ. ಹೊಸ ನಾಟಕದಲ್ಲಿ ಒಬ್ಬನೇ ಮೂರು ಪಾತ್ರ ಮಾಡಬೇಕಾಗಬಹುದು, ಗುಂಪಿನಲ್ಲಿ ನಿಲ್ಲಬೇಕಾಗಬಹುದು. ಆಗ ‘ನಾನು ಕಟ್ಟಿದ ದುಡ್ಡಿಗೆ ನನ್ನ ಪಾರ್ಟ್ ಎಲ್ಲಿ’ ಎಂಬ ಜಗಳ ತಾಲೀಮಿನ ನಡುವೆ ಏಳುತ್ತದೆ. ಮೊದಲ ದಿನವೇ ಎಲ್ಲರೂ ಸಮ ಪಾಲು ಹಾಕುವುದೆಂದು ತೀರ್ಮಾನಿಸಿ. ಅರಮನೆ, ಕಾಡು, ಬೀದಿಯ ಪರದೆಗಳ ಸೀನರಿ ಬೇಡವಾದ್ದರಿಂದ ಆ ಬಾಡಿಗೆಯೂ ಉಳಿಯುತ್ತದೆ.

ಕಂದಪದ್ಯ ಬಾಯಿಪಾಠ ಇರುವ ನಟರು ನಿಮ್ಮಲ್ಲಿದ್ದರೆ ಇನ್ನೊಂದಿದೆ. ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’. 1931ರ ನಾಟಕ, ಹೊಸದಲ್ಲ ನಿಜ. ಆದರೆ ಯುದ್ಧ ಗೆಲ್ಲುವ ಕಥೆಯನ್ನು ವರ್ಷಾವರ್ಷ ಆಡಿದ ಊರಿನಲ್ಲಿ, ಯುದ್ಧ ಮುಗಿದ ಮೇಲಿನ ರಣರಂಗವನ್ನು ಒಮ್ಮೆ ತೋರಿಸಬೇಕು. ಮಾತೆಲ್ಲ ಸರಳರಗಳೆ ಎಂಬ ಪ್ರಾಸವಿಲ್ಲದ ಛಂದಸ್ಸಿನಲ್ಲಿದೆ. ಪಟ್ಟಣದ ಹುಡುಗರಿಗಿಂತ ನಿಮ್ಮ ನಟರ ನಾಲಿಗೆಗೇ ಅದು ಒಗ್ಗುತ್ತದೆ.

ಪ್ರಶ್ನೆ: ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಮಂಡ್ಯದ ಭಾಷೆಗೆ ತಿರುಗಿಸಿ ಆಡಬಹುದೇ?

ಬೇಡ. ಅದು ಉತ್ತರ ಕರ್ನಾಟಕದ ಭಾಷೆಯ ನಾಟಕ. ಗದ್ಯವನ್ನೇನೋ ತಿರುಗಿಸಬಹುದು, ಹಾಡು ಒಡೆಯುತ್ತದೆ. ‘ಬಂದಾನ’ ಇದ್ದಲ್ಲಿ ‘ಬಂದವ್ನೆ’ ಹಾಕಿದ ಕೂಡಲೇ ಎಳೆದು ಹಾಡುವ ದೀರ್ಘ ಹೋಗುತ್ತದೆ, ಪ್ರಾಸವೂ ಹೋಗುತ್ತದೆ. ಮಾತು ಒಂದು ಸೀಮೆಯದು, ಹಾಡು ಇನ್ನೊಂದು ಸೀಮೆಯದು ಆದರೆ ಕಿವಿಗೆ ಸುಳ್ಳಾಗಿ ಕೇಳುತ್ತದೆ. ಬದಲಾಯಿಸಲು ನಾಟಕಕಾರರ ಒಪ್ಪಿಗೆಯೂ ಬೇಕು. ಬರೆದಂತೆಯೇ ಆಡುವುದಾದರೆ ಬೆಳಗಾವಿ ಕಡೆಯವರೊಬ್ಬರನ್ನು ಮೊದಲ ಹತ್ತು ದಿನ ಓದಿಗೆ ಕೂರಿಸಿಕೊಳ್ಳಿ. ನಮ್ಮ ಕಡೆಯ ನಟರು ಪ್ರತಿ ಮಾತಿಗೂ ‘ರೀ’ ಅಂಟಿಸಿದರೆ ಉತ್ತರ ಕರ್ನಾಟಕದ ಭಾಷೆ ಆಯಿತು ಎಂದುಕೊಳ್ಳುತ್ತಾರೆ. ಕ್ರಿಯಾಪದ ಸರಿಹೋಗದೆ ಅದು ಬರುವುದಿಲ್ಲ. ‘ಎಂಗೆ’, ‘ಓಯ್ತಾವ್ನೆ’ ಎನ್ನುವ ಬಾಯಿಗೆ ಈ ಕಡೆಯದೇ ಬೇಕು ಅಂದರೆ ದೇವನೂರ ಮಹಾದೇವರ ‘ಕುಸುಮಬಾಲೆ’, ‘ಒಡಲಾಳ’ ಎರಡೂ ರಂಗಕ್ಕೆ ಬಂದಿವೆ.

ಪ್ರಶ್ನೆ: ಮಂಡ್ಯದ ಕಾಲೇಜೊಂದರಲ್ಲಿ ನಾಟಕ ಮಾಡಿಸುತ್ತೇನೆ. ಅನುಮತಿ ಪತ್ರ ಎಲ್ಲದಕ್ಕೂ ಬೇಕೇ?

ಹಕ್ಕುಸ್ವಾಮ್ಯ ಕಾಯ್ದೆ 1957ರ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸಂಸ, ಕೈಲಾಸಂ ನಾಟಕಗಳ ಅವಧಿ ಮುಗಿದಿದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ ಹಕ್ಕು ಇದೆ. ಹಳೆಯ ಸಂಸ್ಕೃತ ನಾಟಕಕಾರರಾದ ಭಾಸ, ಶೂದ್ರಕರ ಮೂಲಕ್ಕೆ ಯಾರ ಹಕ್ಕೂ ಇಲ್ಲ, ಆದರೆ ನೀವು ಕೈಯಲ್ಲಿ ಹಿಡಿದ ಕನ್ನಡ ಅನುವಾದಕ್ಕೆ ಇರುತ್ತದೆ. ಕಾಯ್ದೆಯ ಕಲಂ 52ರಲ್ಲಿ ವಿನಾಯಿತಿಯೂ ಇದೆ. ಕಾಲೇಜಿನ ವಿದ್ಯಾರ್ಥಿಗಳು, ಸಿಬ್ಬಂದಿ ಆಡಿ, ನೋಡುವವರೂ ಅವರೇ ಮತ್ತು ಪೋಷಕರೇ ಆದರೆ ಉಲ್ಲಂಘನೆಯಲ್ಲ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೂ ಹಾಗೆಯೇ. ಸಾರ್ವಜನಿಕರನ್ನು ಕರೆದು ಟಿಕೆಟ್ ಇಟ್ಟರೆ, ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರೆ ಈ ರಕ್ಷಣೆ ಸಿಗುವುದಿಲ್ಲ.

ರಕ್ಷಣೆ ಇದ್ದರೂ ಕೇಳಿಯೇ ಆಡಿ. ಬರೆದವರಿಗೆ ತಮ್ಮ ನಾಟಕ ಎಲ್ಲಿ ಆಡುತ್ತಿದೆ ಎಂದಾದರೂ ತಿಳಿಯಬೇಕಲ್ಲ. ಪತ್ರದಲ್ಲಿ ತಂಡದ ಹೆಸರು, ದಿನಾಂಕ, ಜಾಗ, ಎಷ್ಟು ಪ್ರದರ್ಶನ, ಟಿಕೆಟ್ ಇದೆಯೇ, ಯಾವ ಭಾಗ ಕತ್ತರಿಸುತ್ತೀರಿ, ಗೌರವಧನ ಎಷ್ಟು ಕೊಡಬಲ್ಲಿರಿ, ಇಷ್ಟು ಇರಲಿ. ವಿಳಾಸ ಪುಸ್ತಕದ ಮೊದಲ ಪುಟಗಳಲ್ಲಿ ಸಿಗದಿದ್ದರೆ ಪ್ರಕಾಶಕರಿಗೆ ಬರೆಯಿರಿ. ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನ ನಾಟಕಗಳನ್ನು ಹೆಚ್ಚಾಗಿ ತಂದಿವೆ. ತಾಲೀಮಿಗೆ ಒಂದು ತಿಂಗಳು ಮೊದಲು ಬರೆಯಬೇಕು. ಆಹ್ವಾನಪತ್ರ ಅಚ್ಚಾದ ಮೇಲೆ ಕೇಳುವುದು ಅನುಮತಿ ಕೇಳಿದಂತಲ್ಲ. ಕಾದಂಬರಿಯ ರಂಗರೂಪವಾದರೆ ಕಾದಂಬರಿಕಾರರು, ರಂಗರೂಪ ಮಾಡಿದವರು ಇಬ್ಬರ ಒಪ್ಪಿಗೆಯೂ ಬೇಕು. ಹಳೆಯ ಪ್ರಯೋಗದ ರಾಗಸಂಯೋಜನೆ ಬಳಸಿದರೆ ಸಂಗೀತ ಮಾಡಿದವರದೂ ಬೇಕು. ಅದಕ್ಕಿಂತ ನಿಮ್ಮ ಹುಡುಗರ ಗಂಟಲಿಗೆ ತಕ್ಕ ಹೊಸ ರಾಗ ಹಾಕಿಸುವುದೇ ಒಳ್ಳೆಯದು.

ಪ್ರಶ್ನೆ: ‘ದಕ್ಲಕಥಾ ದೇವಿಕಾವ್ಯ’ ನೋಡಿದೆವು. ಅಂಥದ್ದನ್ನು ನಾವೂ ಮಾಡಬಹುದೇ?

ಅದನ್ನೇ ನಕಲು ಮಾಡಿದರೆ ಸೋಲುತ್ತೀರಿ. ಕೆ.ಬಿ. ಸಿದ್ದಯ್ಯನವರ ಕಾವ್ಯವನ್ನು ಹಿಡಿದು ಲಕ್ಷ್ಮಣ್ ಕೆ.ಪಿ. ನಿರ್ದೇಶನದಲ್ಲಿ ಆ ನಟರ ಮೈ, ದನಿ, ವಾದ್ಯಗಳಿಂದ ಕಟ್ಟಿಕೊಂಡ ಪ್ರಯೋಗ ಅದು. ಮಾತು ಬರೆದುಕೊಂಡು ಬಂದು ಬೇರೆಯವರು ಒಪ್ಪಿಸುವಂಥದ್ದಲ್ಲ. ಆದರೆ ದಾರಿ ತೆರೆದಿದೆ. ಸಿದ್ದಯ್ಯನವರದೇ ಕಾವ್ಯಗಳಾದ ‘ಬಕಾಲ’, ‘ಗಲ್ಲೇಬಾನಿ’ ಕೈಗೆತ್ತಿಕೊಳ್ಳಿ. ದಿನಕ್ಕೆ ಎರಡು ಪುಟದಂತೆ ನಿಂತುಕೊಂಡು, ನಡೆಯುತ್ತಾ, ಗಟ್ಟಿಯಾಗಿ ಓದಿ. ಹದಿನೈದು ದಿನ ಯಾರಿಗೂ ಪಾತ್ರ ಹಂಚಬೇಡಿ. ಯಾವ ಸಾಲು ಯಾರ ಬಾಯಲ್ಲಿ ನಿಲ್ಲುತ್ತದೆ ಎಂದು ಒಬ್ಬರು ಬರೆದಿಟ್ಟುಕೊಳ್ಳುತ್ತಾ ಹೋಗಲಿ. ತಮಟೆಯನ್ನು ಬಾರಿಸಬಲ್ಲವರು ಮೊದಲ ದಿನದಿಂದಲೇ ಇರಬೇಕು, ಕೊನೆಯ ವಾರ ಕರೆಸಿದರೆ ಅದು ಬರೀ ಹಿನ್ನೆಲೆ ಸದ್ದಾಗುತ್ತದೆ.

ಪ್ರಶ್ನೆ: ಶಾಲೆಯಲ್ಲಿ 30 ಮಕ್ಕಳಿದ್ದಾರೆ. ಎಲ್ಲರಿಗೂ ಪಾತ್ರ ಸಿಗುವ ನಾಟಕ?

ವೈದೇಹಿಯವರ ಮಕ್ಕಳ ನಾಟಕಗಳು. ‘ಧಾಂ ಧೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’ದಿಂದ ಶುರು ಮಾಡಿ. ಒಬ್ಬನೇ ಹುಡುಗನಿಗೆ ಎಲ್ಲ ಮಾತು ಕೊಡಬೇಡಿ, ಮುಖ್ಯ ಪಾತ್ರವನ್ನು ದೃಶ್ಯಕ್ಕೊಬ್ಬರಂತೆ ಬದಲಾಯಿಸಿ. ಗುರುತಿಗೆ ಒಂದು ಟೋಪಿಯೋ ಶಾಲೋ ಕೈಯಿಂದ ಕೈಗೆ ದಾಟಿದರೆ ನೋಡುವವರಿಗೆ ಗೊತ್ತಾಗುತ್ತದೆ. ಕಾಲರ್ ಮೈಕ್ ಹಾಕಬೇಡಿ. ಬಟ್ಟೆಗೆ ಉಜ್ಜಿ ಕರಕರ ಅನ್ನುತ್ತದೆ, ಮಕ್ಕಳೂ ದನಿ ತೆಗೆಯುವುದನ್ನು ಬಿಟ್ಟುಬಿಡುತ್ತಾರೆ. ಹಿಂದಿನ ಬೆಂಚಿನಲ್ಲಿ ಒಬ್ಬ ಟೀಚರ್ ಕೂತು, ಕೇಳಿಸದಾಗಲೆಲ್ಲ ಕೈ ಎತ್ತಲಿ.