ಇಂಗ್ಲಿಷ್ ಕ್ರಿಯಾಪದಗಳ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ,

ಇಂಗ್ಲಿಷ್ ಕ್ರಿಯಾಪದಗಳು ದಿನಬಳಕೆಯ ವಾಕ್ಯದಲ್ಲಿ ಹೇಗೆ ಕೂರುತ್ತವೆ ಅಂತ ನೀವು ಬರೆದ ಲೇಖನವನ್ನು ಪೂರ್ತಿ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಕರ್ತೃ ಅಂದರೇನು, ಕರ್ಮ ಅಂದರೇನು, ಸಕರ್ಮಕ ಯಾವುದು, ಅಕರ್ಮಕ ಯಾವುದು, ಇವನ್ನೆಲ್ಲ ಓದುಗರು ಶಾಲೆಯಲ್ಲೇ ಓದಿ, ಮರೆತು, ಆರಾಮಾಗಿದ್ದಾರೆ. ಅವರು ತಡವರಿಸುವ ಜಾಗ ಬೇರೆ. ಮಾತಿನ ಮಧ್ಯೆ ‘ಟು’ ಹಾಕಬೇಕಾ, ‘ಇಂಗ್’ ಹಾಕಬೇಕಾ, ಏನೂ ಹಾಕಬಾರದಾ ಅಂತ ನಾಲಿಗೆ ನಿಂತುಬಿಡುತ್ತಲ್ಲ, ಅಲ್ಲಿ. ನೀವು ಅಲ್ಲಿಗೆ ಬರುವುದು ಮೂರನೇ ಪುಟದಲ್ಲಿ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಇನ್ನು ತಪ್ಪುಗಳು. ‘ದ ಡಾಕ್ಟರ್ ಸಜೆಸ್ಟೆಡ್ ಮಿ ಟು ಟೇಕ್ ಎ ರೆಸ್ಟ್’ ಅನ್ನುವುದನ್ನು ಸರಿಯಾದ ವಾಕ್ಯ ಅಂತ ಕೊಟ್ಟಿದ್ದೀರಿ. ವ್ಯಾಕರಣದ ಲೇಖನದಲ್ಲಿ ಇಂಥದ್ದು ಒಂದು ಸಿಕ್ಕರೆ ಸಾಕು, ಓದುಗರು ಉಳಿದದ್ದನ್ನೂ ನಂಬುವುದಿಲ್ಲ. ‘ಅಡ್ವೈಸ್ಡ್ ಮಿ ಟು ಟೇಕ್ ಎ ರೆಸ್ಟ್’ ಸರಿ. ‘ಟೋಲ್ಡ್ ಮಿ ಟು ಟೇಕ್ ಎ ರೆಸ್ಟ್’ ಕೂಡ ಸರಿ. ಸಜೆಸ್ಟ್ ಮಾತ್ರ ಆ ಜೋಡಣೆಗೆ ಒಗ್ಗುವುದಿಲ್ಲ. ಅದಕ್ಕೆ ‘ಸಜೆಸ್ಟೆಡ್ ಟೇಕಿಂಗ್ ಎ ರೆಸ್ಟ್’ ಆಗಬೇಕು, ಇಲ್ಲವೇ ‘ಸಜೆಸ್ಟೆಡ್ ದಟ್ ಐ ಟೇಕ್ ಎ ರೆಸ್ಟ್’ ಆಗಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವ ಕ್ರಿಯಾಪದಗಳು, ಆದರೂ ಅವು ಆದಮೇಲೆ ಬರುವ ಮಾತು ಬೇರೆ ಬೇರೆ. ನಿಮ್ಮ ಲೇಖನದ ಜೀವ ಇರಬೇಕಾದ್ದೇ ಇಲ್ಲಿ. ನೀವು ಅದನ್ನು ಕೋಷ್ಟಕದ ಒಂದು ಸಾಲಿಗೆ ತುರುಕಿದ್ದೀರಿ, ಅದೂ ತಪ್ಪಾಗಿ.

‘ಟು ಆದಮೇಲೆ ಯಾವಾಗಲೂ ಮೂಲರೂಪವೇ ಬರುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಿ. ಹಾಗಾದರೆ ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಏನು? ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಲೇಟ್’ ಏನು? ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಆ ಟು ಆದಮೇಲೆ ಒಂದು ನಾಮಪದ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ದ ಹಾಲಿಡೇಸ್’ ಅನ್ನಬಹುದು, ಹಾಗಾಗಿ ಅಲ್ಲಿ ಇಂಗ್ ಬರುತ್ತದೆ. ‘ಐ ವಾಂಟ್ ಟು ದ ಹಾಲಿಡೇಸ್’ ಅನ್ನಲು ಆಗುವುದಿಲ್ಲ, ಅಲ್ವಾ? ಅಲ್ಲಿ ಮೂಲರೂಪವೇ. ‘ಯಾವಾಗಲೂ’ ಅಂತ ಬರೆಯುವ ಮೊದಲು ಎರಡು ಸಲ ಯೋಚಿಸಿ. ‘ಮೇಕ್’ ವಿಷಯದಲ್ಲೂ ಇದೇ ಅವಸರ ಮಾಡಿದ್ದೀರಿ. ‘ಶಿ ಮೇಡ್ ಮಿ ವೇಟ್’ ಅನ್ನುವಾಗ ಟು ಇಲ್ಲ, ಸರಿ. ಆದರೆ ಅದೇ ಮಾತನ್ನು ತಿರುಗಿಸಿದರೆ ‘ಐ ವಾಸ್ ಮೇಡ್ ಟು ವೇಟ್’ ಆಗುತ್ತದೆ.

ನನಗೆ ಜಾಸ್ತಿ ಬೇಸರ ತಂದದ್ದು ಮಾತ್ರ ಬೇರೆ. ಕನ್ನಡಿಗರಿಗಾಗಿ ಬರೆಯುತ್ತಾ ಕನ್ನಡವನ್ನೇ ಹೊರಗಿಟ್ಟಿದ್ದೀರಿ. ನಮ್ಮವರು ‘ಎಕ್ಸ್‌ಪ್ಲೇನ್ ಮಿ ದ ಪ್ರಾಬ್ಲಮ್’ ಅನ್ನುವುದು ಯಾಕೆ? ‘ನನಗೆ ಹೇಳಿ’, ‘ನನಗೆ ಕೊಡಿ’, ‘ನನಗೆ ವಿವರಿಸಿ’, ನಮಗೆ ಮೂರೂ ಒಂದೇ ಥರ. ‘ಗೆ’ ಹಚ್ಚಿದರೆ ಕೆಲಸ ಮುಗಿಯಿತು. ‘ಮಗುವಿಗೆ ಪುಸ್ತಕ ಕೊಟ್ಟೆ’ ಅಂದರೂ ‘ಪುಸ್ತಕ ಮಗುವಿಗೆ ಕೊಟ್ಟೆ’ ಅಂದರೂ ಯಾರಿಗೆ ಏನು ಸಿಕ್ಕಿತು ಅನ್ನುವುದು ಸ್ಪಷ್ಟ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಇಲ್ಲ. ಕ್ರಿಯಾಪದ ಮೊದಲೇ ಬಂದು, ತನ್ನ ಹಿಂದೆ ಯಾರು ಯಾವ ಕ್ರಮದಲ್ಲಿ ನಿಲ್ಲಬೇಕು ಅಂತ ಹೇಳಿಬಿಡುತ್ತದೆ. ‘ಟೆಲ್ ಮಿ’, ‘ಗಿವ್ ಮಿ’ ನಡೆಯುತ್ತವೆ. ಎಕ್ಸ್‌ಪ್ಲೇನ್‌ಗೆ ಮಾತ್ರ ‘ಟು ಮಿ’ ಬೇಕು: ‘ಎಕ್ಸ್‌ಪ್ಲೇನ್ ದ ಪ್ರಾಬ್ಲಮ್ ಟು ಮಿ’. ಇದನ್ನು ಹೀಗೆ ಬಿಡಿಸಿ ಹೇಳಿದರೆ ಓದುಗರು ತಮ್ಮ ತಪ್ಪಿನ ಬೇರನ್ನೇ ನೋಡುತ್ತಾರೆ.

ಕನ್ನಡ ಅಡ್ಡ ಬರುವುದು ಮಾತ್ರವಲ್ಲ, ಕೆಲವು ಕಡೆ ಕೈ ಹಿಡಿದು ನಡೆಸುತ್ತದೆ ಕೂಡ. ‘ಶಿ ಸ್ಟಾಪ್ಡ್ ಟಾಕಿಂಗ್’ ಮತ್ತು ‘ಶಿ ಸ್ಟಾಪ್ಡ್ ಟು ಟಾಕ್’ ನಡುವಿನ ವ್ಯತ್ಯಾಸಕ್ಕೆ ನೀವು ಅರ್ಧ ಪುಟ ಖರ್ಚು ಮಾಡಿದ್ದೀರಿ. ‘ಮಾತಾಡುವುದನ್ನು ನಿಲ್ಲಿಸಿದಳು’, ‘ಮಾತಾಡಲು ನಿಂತಳು’. ಮುಗಿಯಿತು. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಅಂದರೆ ಬೀಗ ಹಾಕಿದ್ದು ನೆನಪಿದೆ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’ ಅಂದರೆ ಮರೆಯದೆ ಬೀಗ ಹಾಕಿದೆ. ಆದರೆ ಇದರಿಂದ ‘ಇಂಗ್ ಅಂದರೆ ಹಿಂದಿನದು, ಟು ಅಂದರೆ ಮುಂದಿನದು’ ಎಂಬ ಸೂತ್ರ ಕಟ್ಟಿದ್ದೀರಲ್ಲ, ಅದು ಎಲ್ಲ ಕಡೆ ನಿಲ್ಲುವುದಿಲ್ಲ. ಸಜೆಸ್ಟ್ ಮಾಡುವುದು ಮುಂದೆ ಆಗಬೇಕಾದ್ದನ್ನೇ, ಆದರೂ ಅಲ್ಲಿ ಇಂಗ್ ಬರುತ್ತದೆ. ‘ಐ ಮ್ಯಾನೇಜ್ಡ್ ಟು ಫಿನಿಷ್’ ಆಗಿಹೋದ ಮಾತು, ಅಲ್ಲಿ ಟು ಬರುತ್ತದೆ. ಎಂಜಾಯ್, ಅವಾಯ್ಡ್, ಫಿನಿಷ್ ಇವು ಆದಮೇಲೆ ಇಂಗ್ ಬರುತ್ತದೆ ಅನ್ನುವುದನ್ನು ಆಯಾ ಪದದ ಜೊತೆಗೇ ಕಲಿಯಬೇಕು. ‘ಲೈಕ್’ಗೆ ಎರಡೂ ನಡೆಯುತ್ತವೆ, ಬಹುಪಾಲು ಮಾತಿನಲ್ಲಿ ಅರ್ಥದ ವ್ಯತ್ಯಾಸ ತೀರಾ ಕಡಿಮೆ. ಅದಕ್ಕೆ ಒಂದು ಪ್ಯಾರಾ ಬೇಡ.

ಹಾರ್ನ್‌ಬಿ ಅವರ ಹೆಸರನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಬಿಟ್ಟಿದ್ದೀರಿ. ಅವರನ್ನು ಮೇಲಕ್ಕೆ ತನ್ನಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಂಗಡಿಗರ ಜೊತೆ ಮಾಡಿದ ಇಂಗ್ಲಿಷ್ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಬಂತು. ಅದರಲ್ಲಿ ಕ್ರಿಯಾಪದಗಳ ಜೋಡಣೆಯನ್ನು 25 ಮಾದರಿಗಳಾಗಿ ವಿಂಗಡಿಸಿದ್ದರು. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಯ ವಿದ್ಯಾರ್ಥಿಗಳಿಗೂ ಈ ತೊಡಕು ನಮಗಿಂತ ಬೇರೆ ಇರಲಾರದು. ಆದರೆ ಆ ಮಾದರಿಗಳಿಗೆ ಕೊಟ್ಟ ಸಂಖ್ಯೆಯ ಗುರುತುಗಳನ್ನು ನೆನಪಿಡುವುದು ಯಾರಿಗೂ ಸುಲಭವಲ್ಲ. ಅದೇ ಪರಂಪರೆಯ ನಿಘಂಟುಗಳು ಕೂಡ ಮುಂದೆ ಅವನ್ನು ಕೈಬಿಟ್ಟವು. ನಿಮ್ಮ ‘ಮಾದರಿ 1’, ‘ಮಾದರಿ 2’ ಅನ್ನುವ ಕೋಷ್ಟಕವನ್ನು ಈಗ ಯಾರಿಗಾಗಿ ಉಳಿಸಿಕೊಳ್ಳಬೇಕು, ನೀವೇ ಹೇಳಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಭಾವಾರ್ಥಕ ಕೃದಂತ ರೂಪ’ ಅಂತ ಬರೆಯಬೇಡಿ. ‘ಇಂಗ್ ರೂಪ’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ತಿದ್ದಿ ಕಳಿಸುವುದಾದರೆ ಹತ್ತು ಕ್ರಿಯಾಪದ ಸಾಕು, ಇಂಗ್ಲಿಷ್ ವಾಕ್ಯಗಳನ್ನು ಮಾತ್ರ ಒಳ್ಳೆಯ ನಿಘಂಟಿನಲ್ಲಿ ಒಂದೊಂದಾಗಿ ನೋಡಿ ಖಾತ್ರಿ ಮಾಡಿಕೊಳ್ಳಿ. ಎಕ್ಸ್‌ಪ್ಲೇನ್‌ನಿಂದಲೇ ಶುರುಮಾಡಿ.

ಇಂತಿ,
ಸಂಪಾದಕ